ಹುಸಿಹೋದ ಈಡು

ಸುಳ್ಳಿಗೆ ಕನ್ನಡದಲ್ಲಿ ‘ಹುಸಿ’ ಎಂಬ ಹಳೆಯ ಹೆಸರುಂಟು. ಆಡಿದ ಮಾತು ನಡೆಯದಿದ್ದರೆ ಹುಸಿ. ಕಂಡ ಕನಸು ಕೈಗೂಡದಿದ್ದರೆ ಹುಸಿ. ಕವಿದ ಮೋಡ ಮಳೆಗರೆಯದೆ ಚದುರಿದರೆ ಅದೂ ಹುಸಿಯೇ. ಕೋವಿಯ ಕುದುರೆ ಟಕ್ಕೆಂದು ಬಿದ್ದೂ ಈಡು ಹಾರದಿದ್ದಾಗ ಆ ಟಕ್ಕೆಂಬ ಸದ್ದಿಗೂ ಇದೇ ಹೆಸರು ಸಲ್ಲುತ್ತದೆ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹುಸಿ ನುಡಿದವರು ಯಾರು? ಕೋವಿಯೋ, ಅದರೊಳಗಿನ ತೋಟಾವೋ, ಅಥವಾ ಅದನ್ನು ಹಿಡಿದ ಕೈಯೋ? ಮೂವರಲ್ಲಿ ಅಪರಾಧಿ ಯಾರೆಂದು ಗೊತ್ತುಮಾಡದೆ ಶಿಕ್ಷೆ ವಿಧಿಸಹೋದರೆ ನಿರಪರಾಧಿಗೆ ಏಟು ಬೀಳುವುದುಂಟು. ಒಮ್ಮೊಮ್ಮೆ ನ್ಯಾಯಾಧೀಶನಿಗೇ ಏಟು ಬೀಳುವುದೂ ಉಂಟು.

ಅಮೆರಿಕದ ಹಳ್ಳಿಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬರುವ ಆಸ್ತಿಯಲ್ಲಿ ಸಾಮಾನ್ಯವಾಗಿ ಒಂದು .22 ರೈಫಲೂ ಇರುತ್ತದೆ. ನಮ್ಮಲ್ಲಿ ಅಜ್ಜಿಯ ಅಡಕತ್ತರಿ, ಅಜ್ಜನ ಗಡಿಯಾರ ಹೇಗೋ ಅಲ್ಲಿ ಇದು ಹಾಗೆ. ಅಂಥ ರೈಫಲುಗಳಲ್ಲಿ ಹೆಸರುವಾಸಿಯಾದುದು ವಿಂಚೆಸ್ಟರ್ ಕಂಪನಿಯ 1890ರ ಮಾದರಿ. ಜಾನ್ ಬ್ರೌನಿಂಗ್ ಮತ್ತು ಅವನ ತಮ್ಮ ಮ್ಯಾಥ್ಯೂ ಕಲ್ಪಿಸಿದ ಈ ಕೋವಿಯ ನಳಿಗೆಯ ಅಡಿಯಲ್ಲಿ ಒಂದು ಮರದ ಹಿಡಿ ಇರುತ್ತದೆ. ಅದನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದರೆ ಖಾಲಿ ತೋಟಾ ಹೊರಕ್ಕೆ ಹಾರಿ ಹೊಸ ತೋಟಾ ಒಳಸೇರುತ್ತದೆ. ಸುಮಾರು ಎಂಟು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಮಾದರಿ ಜಾತ್ರೆಯ ಗುರಿಯಾಟದ ಅಂಗಡಿಗಳಲ್ಲಿ ದಶಕಗಳ ಕಾಲ ಮೆರೆಯಿತು. ಇಂದು ಅದು ಪ್ರಾಚೀನವಸ್ತುಗಳ ಸಾಲಿಗೆ ಸೇರಿದೆ. ಪೆಟ್ಟಿಗೆಯಿಂದ ಹೊರತೆಗೆದು ಹತ್ತು ತೋಟಾ ಹಾಕಿದರೆ ಏಳು ಹಾರುತ್ತವೆ, ಮೂರು ಹಾರುವುದಿಲ್ಲ. ಆ ಮೂರರ ಕಥೆಯೇ ಇಂದಿನ ನಮ್ಮ ವಿಷಯ.

ರೋಗ ತಿಳಿಯಬೇಕಾದರೆ ಮೊದಲು ದೇಹ ತಿಳಿಯಬೇಕು. ಬಡಿದರೆ ಸಿಡಿಯುವ ಪಾದರಸದ ಮದ್ದನ್ನು ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ 1800ರಲ್ಲಿ ಲೋಕಕ್ಕೆ ಪರಿಚಯಿಸಿದ. ಅಂಥ ಸಿಡಿಮದ್ದಿನಿಂದ ಕೋವಿ ಹಾರಿಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್. ನಮ್ಮ ಮಲೆನಾಡಿನ ಕೇಪಿನ ಕೋವಿ ಆ ಪಾದ್ರಿಯ ಉಪಾಯದ ಸಂತಾನವೇ ಸರಿ. ಕೇಪು, ಮದ್ದು, ಗುಂಡು ಮೂರನ್ನೂ ಬೇರೆ ಬೇರೆಯಾಗಿ ತುಂಬುವ ತಾಪತ್ರಯ ತಪ್ಪಬೇಕಾದರೆ ಮೂರೂ ಒಂದೇ ಲೋಹದ ಕೊಳವೆಯಲ್ಲಿರಬೇಕು. ಆ ದಿಕ್ಕಿನಲ್ಲಿ 1845ರ ಸುಮಾರಿಗೆ ಪ್ಯಾರಿಸಿನ ಫ್ಲೋಬೆರ್ ಎಂಬ ಕುಶಲಿ ಒಂದು ಹೆಜ್ಜೆಯಿಟ್ಟ. 1857ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸನ್ ಜೋಡಿ .22 ಶಾರ್ಟ್ ಎಂಬ ಪುಟ್ಟ ತೋಟಾವನ್ನು ಹೊರತಂದಿತು. ಅದು ಇಂದಿಗೂ ತಯಾರಾಗುತ್ತಿರುವುದು ವಿಸ್ಮಯವಲ್ಲವೆ?

ಈ ಜಾತಿಯ ತೋಟಾಕ್ಕೆ ರಿಮ್‌ಫೈರ್ ಎಂದು ಹೆಸರು; ಅಂಚಿನ ಮದ್ದಿನ ತೋಟಾ ಎನ್ನೋಣ. ಇದರ ರಚನೆಯನ್ನು ಕಾಣಬಯಸುವವರು ಊಟದ ತಟ್ಟೆಯನ್ನು ನೋಡಿದರೆ ಸಾಕು. ತಟ್ಟೆಯ ಅಂಚನ್ನು ಸುತ್ತಲೂ ಮಡಿಸಿರುತ್ತಾರೆ. ಮಡಿಕೆಯೊಳಗೆ ಸಣ್ಣ ಟೊಳ್ಳು ಉಳಿಯುತ್ತದೆ. ತೋಟಾದ ಬುಡದಲ್ಲೂ ಅಂಥದೇ ಮಡಿಸಿದ ಅಂಚುಂಟು. ಸಿಡಿಮದ್ದನ್ನು ಒದ್ದೆಯಾಗಿರುವಾಗಲೇ ಒಂದು ಹನಿಯಷ್ಟು ಒಳಗಿಟ್ಟು, ತೋಟಾವನ್ನು ಬುಗುರಿಯಂತೆ ಗಿರ್ರನೆ ತಿರುಗಿಸಿದರೆ ಮದ್ದು ಅಂಚಿನ ಟೊಳ್ಳಿಗೆ ಹರಿದು ಅಲ್ಲಿಯೇ ಒಣಗಿ ನಿಲ್ಲುತ್ತದೆ. ಆಮೇಲೆ ಸಾಧಾರಣ ಮದ್ದನ್ನು ತುಂಬಿ ಮೇಲೆ ಸೀಸದ ಗುಂಡನ್ನು ಕೂರಿಸುತ್ತಾರೆ. ಕೋವಿಯಲ್ಲಿ ತೋಟಾ ಕೂಡುವ ಗೂಡಿನ ಬಾಯಿಗೆ ಈ ಅಂಚು ಆತುಕೊಂಡು ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಕುದುರೆ ಬೀಳುತ್ತದೆ. ಅದು ಫೈರಿಂಗ್ ಪಿನ್ ಎಂಬ ಉಕ್ಕಿನ ಮೊಳೆಯನ್ನು ಬಡಿಯುತ್ತದೆ; ಮೊಳೆ ಅಂಚನ್ನು ಗೂಡಿನ ಬಾಯಿಗೆ ಒತ್ತಿ ಜಜ್ಜುತ್ತದೆ. ಮೊಳೆ ಸುತ್ತಿಗೆ, ಗೂಡಿನ ಬಾಯಂಚು ಅಡಿಗಲ್ಲು, ನಡುವೆ ಸಿಕ್ಕಿದ ಮದ್ದು ಸಿಡಿಯದೆ ಗತಿಯಿಲ್ಲ. ಹುಸಿಹೋದ ಈಡನ್ನು ಪರೀಕ್ಷಿಸುವಾಗ ಸುತ್ತಿಗೆ, ಅಡಿಗಲ್ಲು, ಮದ್ದು ಈ ಮೂರನ್ನೂ ನೆನಪಿನಲ್ಲಿಟ್ಟಿರಬೇಕು. ದೋಷವೆಲ್ಲ ಇವುಗಳಲ್ಲಿ ಒಂದರ ಮನೆಯಲ್ಲಿಯೇ ಅಡಗಿರುತ್ತದೆ.

ಮದ್ದಿನ ದೋಷ ಹುಟ್ಟಿನಿಂದಲೇ ಬಂದದ್ದು. ಹೋಳಿಗೆ ಮಾಡುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಷ್ಟೇ ಎಚ್ಚರದಿಂದ ಲಟ್ಟಿಸಿದರೂ ಹೂರಣ ಅಂಚಿನ ಒಂದು ಮೂಲೆಗೆ ತಲುಪದೆ ಉಳಿಯುವುದುಂಟು. ತೋಟಾದ ಅಂಚಿನಲ್ಲಿಯೂ ಹಾಗೆಯೇ ಮದ್ದು ತಲುಪದ ಒಂದು ತುಣುಕು ಉಳಿದಿದ್ದು, ಮೊಳೆ ಸರಿಯಾಗಿ ಅಲ್ಲಿಯೇ ಬಡಿದರೆ ಪಾಪ, ಅದು ತಾನೆ ಏನು ಮಾಡೀತು? ನೂರರುವತ್ತು ವರ್ಷಗಳ ಹಿಂದೆ ಈ ದೋಷ ಇನ್ನೂ ಹೆಚ್ಚಾಗಿತ್ತು. ಅಮೆರಿಕದ ಅಂತರ್ಯುದ್ಧ 1861ರಲ್ಲಿ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ, 1860ರಲ್ಲಿ, ಬೆಂಜಮಿನ್ ಟೈಲರ್ ಹೆನ್ರಿ ಎಂಬ ಶಿಲ್ಪಿ ತನ್ನ ಹೆಸರಿನ ರೈಫಲಿಗೆ ಹಕ್ಕುಪತ್ರ ಪಡೆದ. ಅದು .44 ಅಳತೆಯ ಅಂಚಿನ ಮದ್ದಿನ ತೋಟಾಗಳನ್ನು ಸಾಲುಗಟ್ಟಿ ನುಂಗಿ ಒಂದೊಂದಾಗಿ ಹಾರಿಸುತ್ತಿತ್ತು. ಶತ್ರು ಎದುರಿಗಿರುವಾಗ ಈಡು ಹುಸಿಹೋದರೆ ಸೈನಿಕನ ಗತಿಯೇನು? ಹೆನ್ರಿ ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಅವನು ಮೊಳೆಗೆ ಕವಲೊಡೆದ ಎರಡು ಮೊನೆಗಳನ್ನಿಟ್ಟು, ಅಂಚಿನ ಎರಡು ಎದುರುಬದುರು ಜಾಗಗಳಿಗೆ ಏಕಕಾಲದಲ್ಲಿ ಏಟು ಬೀಳುವಂತೆ ಮಾಡಿದ. ಒಂದು ಕಡೆ ಮದ್ದಿಲ್ಲದಿದ್ದರೆ ಇನ್ನೊಂದು ಕಡೆಯಾದರೂ ಇದ್ದೀತು! ಸ್ವಿಟ್ಸರ್ಲೆಂಡಿನ ಸೈನ್ಯ 1869ರಲ್ಲಿ ಒಪ್ಪಿಕೊಂಡ ವೆಟ್ಟರ್ಲಿ ರೈಫಲಿನಲ್ಲೂ ಇದೇ ಎರಡು ಮೊನೆಯ ಉಪಾಯವುಂಟು. ತೋಟಾದ ದೋಷವನ್ನು ತಿದ್ದಲಾಗದಿದ್ದರೆ ಕೋವಿಯನ್ನಾದರೂ ಅದಕ್ಕೆ ಹೊಂದಿಸಿಕೊಳ್ಳುವ ವಿವೇಕ ಇದು.

ಅಂಚಿನ ಮದ್ದಿನ ದೊಡ್ಡ ತೋಟಾಗಳು ಕಾಲಕ್ರಮದಲ್ಲಿ ಮರೆಯಾದುವು. ಮೊಳೆಯ ಏಟಿಗೆ ಜಜ್ಜಿಹೋಗುವಷ್ಟು ತೆಳುವಾದ ಲೋಹ ದೊಡ್ಡ ಮದ್ದಿನ ಒತ್ತಡವನ್ನು ತಾಳಲಾರದಷ್ಟೆ. ಬುಡದ ನಡುವೆ ಕೇಪನ್ನಿಟ್ಟ ತೋಟಾಗಳು ಅವುಗಳ ಸ್ಥಾನವನ್ನಾಕ್ರಮಿಸಿದುವು. ಆದರೆ ಪುಟ್ಟ .22 ಮಾತ್ರ ಉಳಿಯಿತು. 1887ರಲ್ಲಿ ಹುಟ್ಟಿದ .22 ಲಾಂಗ್ ರೈಫಲ್ ತೋಟಾ ಜಗತ್ತಿನಾದ್ಯಂತ ಇಂದಿಗೂ ಬಳಕೆಯಲ್ಲಿದೆ. ನಮ್ಮ ಎನ್.ಸಿ.ಸಿ. ಹುಡುಗರು, ಹುಡುಗಿಯರು ಮೊದಲ ಈಡು ಹಾರಿಸುವುದು .22 ರೈಫಲಿನಿಂದಲೇ.

ಎನ್.ಸಿ.ಸಿ.ಯ ಮಾತು ಬಂದದ್ದರಿಂದ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ಗುರಿಯಭ್ಯಾಸದ ಬಯಲಿನಲ್ಲಿ ನನ್ನ ಪಕ್ಕದಲ್ಲಿ ಮಲಗಿದ್ದ ಹುಡುಗನ ಈಡು ಹುಸಿಹೋಯಿತು. ಅವನು ಸಹಜವಾಗಿಯೇ “ಸರ್, ಇದು ಹಾರಲಿಲ್ಲ” ಎನ್ನುತ್ತ ಕೋವಿಯೊಡನೆ ಇತ್ತ ಹೊರಳತೊಡಗಿದ. ನಮ್ಮ ಹವಾಲ್ದಾರರು ಬೈಯಲಿಲ್ಲ, ಕೂಗಲಿಲ್ಲ. ಎರಡು ಹೆಜ್ಜೆಯಲ್ಲಿ ಬಂದು ಅವನ ಬೆನ್ನಿನ ಮೇಲೆ ಒಂದು ಕೈಯನ್ನೂ ನಳಿಗೆಯ ಮೇಲೆ ಇನ್ನೊಂದು ಕೈಯನ್ನೂ ಇಟ್ಟು, “ಗುರಿಯ ಕಡೆಗೇ ಇರಲಿ ಮಗು. ಅದು ಇನ್ನೂ ಯೋಚನೆ ಮಾಡುತ್ತಿರಬಹುದು” ಎಂದರು. ಅಲ್ಲಿದ್ದ ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ತೋಟಾ ಹಾರಲೇ ಇಲ್ಲ. ಆದರೆ ಆ ಒಂದು ನಿಮಿಷದಲ್ಲಿ ಕಲಿತ ಪಾಠವನ್ನು ನಾನು ಇಂದಿಗೂ ಮರೆತಿಲ್ಲ.

ಹವಾಲ್ದಾರರ ಮಾತು ವಿನೋದದಂತೆ ಕಂಡರೂ ಅಕ್ಷರಶಃ ಸತ್ಯವಾದುದು. ಹಳೆಯ ಅಥವಾ ತೇವ ತಗುಲಿದ ತೋಟಾದಲ್ಲಿ ಸಿಡಿಮದ್ದು ನಿಧಾನವಾಗಿ ಹೊತ್ತಿಕೊಂಡು, ಏಟು ಬಿದ್ದ ಕ್ಷಣಗಳ ಅನಂತರ ಈಡು ಹಾರುವುದುಂಟು. ಆದ್ದರಿಂದ ಟಕ್ಕೆಂಬ ಸದ್ದು ಮಾತ್ರ ಕೇಳಿದಾಗ ನಳಿಗೆಯನ್ನು ಸುರಕ್ಷಿತ ದಿಕ್ಕಿನಿಂದ ಕದಲಿಸಕೂಡದು, ಕೋವಿಯನ್ನು ತೆರೆಯಕೂಡದು, ಒಂದು ನಿಮಿಷವಾದರೂ ಹಾಗೆಯೇ ಹಿಡಿದು ಕಾಯಬೇಕು. ಅನಂತರ ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು ತೋಟಾವನ್ನು ಹೊರತೆಗೆಯಬೇಕು. ಇದಕ್ಕಿಂತಲೂ ಮೋಸದ ಇನ್ನೊಂದು ಸಂದರ್ಭವಿದೆ. ಎಂದಿನ ಸದ್ದಿನ ಬದಲು ಠುಸ್ಸೆಂಬ ಕ್ಷೀಣ ಸದ್ದು ಬಂದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮತ್ತೊಂದು ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಕೋವಿಯನ್ನು ಬರಿದುಮಾಡಿ, ನಳಿಗೆ ತೆರವಾಗಿದೆಯೆಂದು ಖಚಿತವಾಗುವವರೆಗೆ ಮುಂದಿನ ತೋಟಾವನ್ನು ಮುಟ್ಟಬಾರದು.

ಹೊರಬಂದ ತೋಟಾವನ್ನು ಬಿಸಾಡಬೇಡಿ. ಅದು ಸಾಕ್ಷಿ ಹೇಳುತ್ತದೆ. ಭೂತಗನ್ನಡಿ ಹಿಡಿದು ಅಂಚಿನ ಮೇಲಿನ ಕಚ್ಚನ್ನು ನೋಡಿದರೆ ಶಾಸನ ಓದುವವನಿಗಾಗುವ ಸಂತೋಷವೇ ಆಗುತ್ತದೆ. ಕಚ್ಚು ಆಳವಾಗಿ, ಅಚ್ಚುಕಟ್ಟಾಗಿ, ಅಂಚಿನ ಮೇಲೆಯೇ ಬಿದ್ದಿದ್ದೂ ಈಡು ಹಾರದಿದ್ದರೆ ಮೊದಲ ಅನುಮಾನ ತೋಟಾದ ಮೇಲೆ. ಕಚ್ಚು ಮಸುಕಾಗಿದ್ದರೆ ಸುತ್ತಿಗೆಯ ಏಟು ಸಾಲದು. ಕಚ್ಚು ಅಂಚನ್ನು ಬಿಟ್ಟು ಒಳಕ್ಕೆ ಸರಿದಿದ್ದರೆ ಮೊಳೆಯ ದಾರಿ ತಪ್ಪಿದೆ. ಅಂಚು ಉಬ್ಬಿದ್ದರೆ ಅಥವಾ ಹಾರಿದ ತೋಟಾದ ಅಂಚು ಸೀಳಿದ್ದರೆ ಅಲ್ಲಿಗೆ ಪರೀಕ್ಷೆ ನಿಲ್ಲಿಸಿಬಿಡಬೇಕು. ಬೋಲ್ಟು ಸವೆದು ತೋಟಾಕ್ಕೆ ಹಿಂದಿನಿಂದ ಸರಿಯಾದ ಆಸರೆ ಸಿಗುತ್ತಿಲ್ಲವೆಂಬುದಕ್ಕೆ ಅದು ಸೂಚನೆಯಾಗಿರಬಹುದು. ಬಲ್ಲವರಿಗೆ ತೋರಿಸುವವರೆಗೆ ಆ ಕೋವಿ ಮೂಲೆಯಲ್ಲಿಯೇ ಇರಲಿ.

ಪರೀಕ್ಷೆಗೆ ಒಂದು ಕ್ರಮವುಂಟು. ಅಗ್ಗವಾದುದರಿಂದ, ಸುಲಭವಾದುದರಿಂದ ತೊಡಗಿ ಕಷ್ಟದ ಕಡೆಗೆ ಹೋಗುವುದೇ ಆ ಕ್ರಮ. ಮೊದಲು ತೋಟಾವನ್ನು ಬದಲಿಸಿ ನೋಡಬೇಕು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಡಬ್ಬಿಯ ತೋಟಾದಿಂದ ಕೋವಿಯ ಆರೋಗ್ಯವನ್ನು ಅಳೆಯುವುದು ನ್ಯಾಯವಲ್ಲ. ಹೊಸ ಡಬ್ಬಿ, ಸಾಧ್ಯವಾದರೆ ಎರಡು ಬೇರೆ ತಯಾರಕರ ಡಬ್ಬಿ, ಒಂದೊಂದರಿಂದ ಐವತ್ತು ಈಡು ಹಾರಿಸಿ ಲೆಕ್ಕ ಬರೆದಿಡಬೇಕು. ಒಂದು ಡಬ್ಬಿಯವು ಮಾತ್ರ ಹುಸಿಹೋದರೆ ಕೋವಿ ನಿರಪರಾಧಿ. ಎರಡೂ ಹುಸಿಹೋದರೆ ಕೋವಿಯ ಕಡೆಗೆ ತಿರುಗಬೇಕು.

ಹುಸಿಹೋದ ತೋಟಾವನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಹೊಡೆದಾಗ ಅದು ಹಾರಿತೆನ್ನಿ. ‘ಮೊದಲ ಜಾಗದಲ್ಲಿ ಮದ್ದಿರಲಿಲ್ಲ’ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಇಲ್ಲಿ ಎಚ್ಚರ ಅಗತ್ಯ. ಗೂಡಿನೊಳಗೆ ಮೇಣ, ಸೀಸ, ಮಸಿ ಕೂಡಿ ಒಂದು ಬಳೆಯಂತೆ ಕಟ್ಟಿಕೊಂಡಿದ್ದರೆ ತೋಟಾ ಪೂರ್ತಿ ಒಳಹೋಗದೆ ಕೂದಲೆಳೆಯಷ್ಟು ಹೊರಗೆ ನಿಲ್ಲುತ್ತದೆ. ಆಗ ಮೊಳೆಯ ಮೊದಲ ಏಟಿನ ಬಲವೆಲ್ಲ ತೋಟಾವನ್ನು ಒಳಕ್ಕೆ ತಳ್ಳುವುದರಲ್ಲಿಯೇ ಮುಗಿಯುತ್ತದೆ. ಅಡಿಗಲ್ಲಿಗೆ ತಾಗಿದ ಮೇಲೆ ಬೀಳುವ ಎರಡನೆಯ ಏಟು ಅದನ್ನು ಸಿಡಿಸುತ್ತದೆ. ಉದ್ದನೆಯ ತೋಟಾದ ಗೂಡಿನಲ್ಲಿ ಗಿಡ್ಡ .22 ಶಾರ್ಟ್‌ಗಳನ್ನು ಬಹುಕಾಲ ಹಾರಿಸಿದ ಕೋವಿಗಳಲ್ಲಿ ಈ ಮಸಿಯ ಬಳೆ ಸಾಮಾನ್ಯ. ಔಷಧ ಸುಲಭ: ಗೂಡನ್ನು ಸರಿಯಾದ ಕುಂಚದಿಂದ, ಎಣ್ಣೆಯಿಂದ ತಾಳ್ಮೆಯಾಗಿ ಉಜ್ಜಿ ತೊಳೆಯುವುದು.

ಕಚ್ಚು ಮಸುಕಾಗಿ ಬೀಳುವ ಕೋವಿಗಳಲ್ಲಿ ಮೊದಲು ಹುಡುಕಬೇಕಾದುದು ಕೊಳೆಯನ್ನೇ. ಪ್ರೀತಿಯಿಂದ ಅಜ್ಜ ಹಾಕಿದ ಎಣ್ಣೆ ಎಪ್ಪತ್ತು ವರ್ಷಗಳಲ್ಲಿ ಒಣಗಿ ಅರಗಿನಂತಾಗಿರುತ್ತದೆ. ಬೋಲ್ಟಿನೊಳಗೆ ಮೊಳೆ ಓಡಾಡುವ ಸಂದಿಯಲ್ಲಿ ಅದು ತುಂಬಿಕೊಂಡರೆ ಮೊಳೆ ಹೆಜ್ಜೆಹೆಜ್ಜೆಗೂ ತಡೆಯುತ್ತದೆ. ಚಳಿಗಾಲದಲ್ಲಿ ಹುಸಿ ಹೆಚ್ಚಾಗಿ, ಬೇಸಗೆಯಲ್ಲಿ ಕಡಿಮೆಯಾದರೆ ಈ ಅರಗನ್ನೇ ಸಂಶಯಿಸಬೇಕು. ಅದನ್ನು ಶುಚಿಮಾಡಿದ ಮೇಲೂ ಏಟು ಸಾಲದಿದ್ದರೆ ಸ್ಪ್ರಿಂಗು ಸೋತಿದೆ, ಇಲ್ಲವೇ ಮೊಳೆಯ ಮೊನೆ ಸವೆದು ದುಂಡಗಾಗಿದೆ ಅಥವಾ ಮುರಿದಿದೆ. ಸ್ಪ್ರಿಂಗನ್ನು ಎಳೆದು ಉದ್ದಮಾಡುವುದು, ಮೊಳೆಯನ್ನು ಅರದಿಂದ ತೀಡುವುದು ಮನೆಮದ್ದಿನ ವೈದ್ಯರ ಕೆಲಸ. ಮೊನೆ ಚೂಪಾದರೆ ಅಂಚನ್ನೇ ತೂತುಮಾಡಿ ಬಿಸಿಗಾಳಿಯನ್ನು ಕಣ್ಣಿಗೆ ಎರಚುತ್ತದೆ. ಮೊಳೆ ಉದ್ದವಾದರೆ ಗೂಡಿನ ಬಾಯನ್ನು ಗುದ್ದಿ ಕೆಡಿಸುತ್ತದೆ. ಸರಿಯಾದ ಹೊಸ ಭಾಗವನ್ನು ಬಲ್ಲ ಕಮ್ಮಾರನೇ ಕೂರಿಸಬೇಕು.

ಉಳಿದದ್ದು ಅಡಿಗಲ್ಲು. ತೋಟಾವಿಲ್ಲದೆ ಬರಿದಾದ ಕೋವಿಯ ಟ್ರಿಗರನ್ನು ಎಳೆಯುವ ಆಟ ಮಕ್ಕಳಿಗೂ ಪ್ರಿಯ, ದೊಡ್ಡವರಿಗೂ ಪ್ರಿಯ. ಅಂಚಿನ ಮದ್ದಿನ ಹಳೆಯ ಕೋವಿಗಳಲ್ಲಿ ಮಾತ್ರ ಅದು ಹಾನಿಕರ. ನಡುವೆ ತೋಟಾದ ಮೆತ್ತೆಯಿಲ್ಲದೆ ಮೊಳೆ ಗೂಡಿನ ಬಾಯಿಗೇ ತಾಗಿದರೆ, ಪ್ರತಿ ಏಟಿಗೂ ಅಲ್ಲಿ ಒಂದು ಕುಳಿ ಆಳವಾಗುತ್ತ ಹೋಗುತ್ತದೆ. ಕೊನೆಗೆ ಆ ಜಾಗದಲ್ಲಿ ಅಡಿಗಲ್ಲೇ ಇಲ್ಲದಂತಾಗುತ್ತದೆ. ಸುತ್ತಿಗೆಯೂ ಸರಿ, ಮದ್ದೂ ಸರಿ. ಆದರೂ ಈಡು ಹುಸಿ! ಕುಳಿಯಿಂದೆದ್ದ ಲೋಹದ ತುಟಿ ಗೂಡಿನೊಳಕ್ಕೆ ಚಾಚಿದರೆ ತೋಟಾ ಒಳಹೋಗುವುದಕ್ಕೂ ಹೊರಬರುವುದಕ್ಕೂ ತಕರಾರು ಮಾಡುತ್ತದೆ. ನುರಿತ ಕೆಲಸಗಾರರು ಆ ಲೋಹವನ್ನು ಮತ್ತೆ ಸ್ವಸ್ಥಾನಕ್ಕೆ ಒತ್ತಿ ಸರಿಪಡಿಸಬಲ್ಲರು. ಅಜ್ಜ ಕೊಟ್ಟ ಕೋವಿಯ ಬಾಯಲ್ಲಿ ಇಂಥ ಕುಳಿ ಕಂಡರೆ, ಅಪ್ಪನೋ ಚಿಕ್ಕಪ್ಪನೋ ಬಾಲ್ಯದಲ್ಲಿ ಅದರೊಡನೆ ಆಡಿದ್ದರೆಂದು ಊಹಿಸಲು ಅಡ್ಡಿಯಿಲ್ಲ.

ಹುಸಿ ನಿಂತಿತೆಂದು ಹಿಗ್ಗಿ ಕೈಗೆ ಸಿಕ್ಕಿದ ತೋಟಾವನ್ನೆಲ್ಲ ತುಂಬುವುದೂ ತರವಲ್ಲ. ವಿಂಚೆಸ್ಟರಿನ 1890ರ ಮಾದರಿಯಲ್ಲಿಯೇ ಒಂದೊಂದು ಕೋವಿ ಒಂದೊಂದು ತೋಟಾಕ್ಕೆಂದು ಹುಟ್ಟಿದ್ದು. ಯಾವುದಕ್ಕೆಂಬುದನ್ನು ನಳಿಗೆಯ ಮೇಲೆ ಕೆತ್ತಿರುತ್ತಾರೆ. ಕಪ್ಪುಮದ್ದಿನ ಕಾಲದಲ್ಲಿ ಹುಟ್ಟಿದ ಕೋವಿಗೆ ಇಂದಿನ ಅತಿವೇಗದ ತೋಟಾಗಳ ಒತ್ತಡವನ್ನು ಹೊರಿಸಬಾರದು. ಫ್ಲೋಬೆರನ ಪದ್ಧತಿಯ ಹಳೆಯ ಹಗುರ ಕೋವಿಗಳಂತೂ ಇಂದಿನ ಲಾಂಗ್ ರೈಫಲ್ ತೋಟಾಕ್ಕೆ ಯೋಗ್ಯವೇ ಅಲ್ಲ. ಹಳೆಯ ಸಿಡಿಮದ್ದು ಉರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ತುಕ್ಕು ಹಿಡಿಸದ ಮದ್ದು 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಅದಕ್ಕೂ ಹಳೆಯ ಕೋವಿಯ ನಳಿಗೆಯೊಳಗೆ ಕುಳಿಗಳು ಕಂಡರೆ ಕಾರಣ ಇದೇ ಇದ್ದೀತು. ಹೆನ್ರಿ, ವೆಟ್ಟರ್ಲಿಗಳ ಮೂಲ ತೋಟಾಗಳ ತಯಾರಿಕೆ ನಿಂತು ಎಷ್ಟೋ ದಶಕಗಳಾದುವು. ಅವು ಗೋಡೆಯ ಮೇಲೆ ವಿಶ್ರಾಂತಿ ಪಡೆಯಲಿ.

ನಮ್ಮ ನಾಡಿಗೆ ಬಂದರೆ, ಈ ಮಾತೆಲ್ಲ ಕಾನೂನಿನ ಚೌಕಟ್ಟಿನೊಳಗೆ ನಿಲ್ಲಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿಯನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಅದನ್ನು ದುರಸ್ತಿಮಾಡುವ ಕಸುಬಿಗೂ ಪರವಾನಗಿ ಬೇಕು. ತೀರಿಕೊಂಡ ಹಿರಿಯರ ಕೋವಿ ಅಟ್ಟದ ಮೇಲಿದೆಯೆಂದು ಸುಮ್ಮನಿರುವಂತಿಲ್ಲ. ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಅಂಗಡಿಯಲ್ಲೋ ಒಪ್ಪಿಸಿ ಮುಂದಿನ ಮಾತನಾಡಬೇಕು. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ವಿಷಯದಲ್ಲಿ ಪರವಾನಗಿಯಿಂದ ವಿನಾಯಿತಿಯುಂಟು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೋವಿಗೆ ಮನೆಮಂದಿಯ ಸ್ಥಾನವಿದೆ. ಕೈಲ್ ಪೊಳ್ದ್ ಹಬ್ಬದಂದು ಅದನ್ನು ತೊಳೆದು, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಊರಿಗೆ ಸುದ್ದಿ ಮುಟ್ಟಿಸುವುದು ಅಲ್ಲಿನ ವಾಡಿಕೆ. ಅಲ್ಲಿ ಒಂದು ಈಡು ಹುಸಿಹೋದರೆ ಊರಿಗೆ ಮುಟ್ಟುವ ಸುದ್ದಿಯೇ ಬೇರೆಯಾದೀತು! ವರ್ಷಕ್ಕೊಮ್ಮೆಯಾದರೂ ಕೋವಿಯನ್ನು ಕೈಗೆತ್ತಿಕೊಂಡು ತೊಳೆದು ಒರೆಸುವ ಆ ಹಬ್ಬದಲ್ಲಿ ಭಕ್ತಿಯ ಜೊತೆಗೆ ವಿವೇಕವೂ ಸೇರಿದೆಯೆಂದು ನನಗೆ ತೋರುತ್ತದೆ.

ಹಳೆಯ ಕೋವಿಯನ್ನು ಇಟ್ಟುಕೊಂಡವರು ಇಷ್ಟನ್ನು ಮಾಡಿದರೆ ಸಾಕು. ಟಕ್ಕೆಂದಾಗ ಒಂದು ನಿಮಿಷ ಕಾಯಿರಿ. ತೋಟಾದ ಕಚ್ಚನ್ನು ಓದಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಅರವನ್ನು ಕೈಗೆತ್ತಿಕೊಳ್ಳುವ ಮುನ್ನ ಕುಂಚವನ್ನು ಕೈಗೆತ್ತಿಕೊಳ್ಳಿರಿ. ಮನೆಯ ಮಕ್ಕಳಿಗೆ ಕೋವಿ ಸಿಗದಂತೆ ಬೀಗ ಹಾಕಿರಿ. ತೋಟಾದ ಡಬ್ಬಿಗೆ ಬೇರೆ ಬೀಗ, ಬೇರೆ ಕೋಣೆ. ಹುಸಿಹೋದ ಈಡಿನ ಎದುರು ಸಹನೆಗೆಟ್ಟವರೇ ಹೆಚ್ಚಾಗಿ ಗಾಯಗೊಳ್ಳುವುದು. ಅರುವತ್ತು ಸೆಕೆಂಡು ಎಣಿಸುವ ತಾಳ್ಮೆ ಇಲ್ಲದವರು ಅಜ್ಜನ ರೈಫಲನ್ನು ಗೋಡೆಯ ಮೇಲೆಯೇ ಬಿಡುವುದು ಮೇಲು.